ಕುಲುಮೆಯ ಮುಂದೆ ಮೊದಲ ಪಾಠ

ಗಾಜಿನ ಲೋಟವನ್ನು ಕೈಯಲ್ಲಿ ಹಿಡಿದವರು ಅದರೊಳಗಿನ ನೀರನ್ನು ನೋಡುತ್ತಾರೆಯೇ ಹೊರತು ಗಾಜನ್ನು ನೋಡುವುದಿಲ್ಲ. ಕಣ್ಣಿಗೆ ಅಡ್ಡ ಬಾರದಿರುವುದೇ ಆ ವಸ್ತುವಿನ ಗುಣ. ಆದರೆ ಅದೇ ಗಾಜು ಕುಲುಮೆಯಿಂದ ಹೊರಬರುವ ಗಳಿಗೆಯಲ್ಲಿ ಕಿತ್ತಳೆ ಬಣ್ಣದ ಬೆಂಕಿಯ ಮುದ್ದೆಯಾಗಿರುತ್ತದೆ; ಅದನ್ನು ಕಂಡವರ ಕಣ್ಣು ಬೇರೆಡೆಗೆ ಹೊರಳುವುದಿಲ್ಲ. ಆ ಮುದ್ದೆಯನ್ನು ಉಕ್ಕಿನ ಕೊಳವೆಯ ತುದಿಗೆ ಅಂಟಿಸಿಕೊಂಡು, ಬಾಯಿಂದ ಊದಿ ಪಾತ್ರೆಯಾಗಿಸುವ ವಿದ್ಯೆಗೆ ಎರಡು ಸಾವಿರ ವರ್ಷಗಳ ವಯಸ್ಸಾಗಿದೆ. ಆದರೂ ಆಸಕ್ತಿಯುಳ್ಳ ಸಾಮಾನ್ಯರು ಒಂದು ಮಧ್ಯಾಹ್ನ ಹೋಗಿ ಅದರ ಮೊದಲ ಪಾಠವನ್ನು ಹೇಳಿಸಿಕೊಳ್ಳಬಹುದೆಂಬ ಸ್ಥಿತಿ ಒದಗಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಗಾಜಿನ ಮೂಲದ್ರವ್ಯ ಮರಳು. ಶುದ್ಧವಾದ ಮರಳು ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಸೋಡಾ ಬೆರೆಸಿದರೆ ಕಡಮೆ ಶಾಖದಲ್ಲಿಯೇ ಕರಗುತ್ತದೆ. ಆದರೆ ಹಾಗೆ ದೊರೆತ ಗಾಜು ನೀರಿನಲ್ಲಿ ಕರಗಿಹೋಗುವಂಥದು. ಸುಣ್ಣದ ಅಂಶ ಸೇರಿದ ಮೇಲೆಯೇ ಅದು ಬಾಳಿಕೆ ಬರುವುದು. ಹೀಗೆ ಸಿದ್ಧವಾದ ಗಾಜು ಮಂಜುಗಡ್ಡೆಯಂತೆ ಒಂದು ನಿಶ್ಚಿತ ಬಿಂದುವಿನಲ್ಲಿ ಕರಗುವುದಿಲ್ಲ. ಕಾದಂತೆಲ್ಲ ಮೆಲ್ಲಮೆಲ್ಲಗೆ ಮೆತ್ತಗಾಗಿ, 1100 ಡಿಗ್ರಿಯ ಸುಮಾರಿಗೆ ಜೇನಿನಂತೆ ಹರಿಯುತ್ತದೆ. ಆರಿದಂತೆಲ್ಲ ಬೆಲ್ಲದ ಪಾಕದಂತೆ ಬಿಗಿಯುತ್ತ ಬರುತ್ತದೆ. ಹರಿಯುವ ಸ್ಥಿತಿಗೂ ಬಿಗಿದ ಸ್ಥಿತಿಗೂ ನಡುವೆ ದೊರೆಯುವ ಅಲ್ಪಾವಕಾಶದಲ್ಲಿಯೇ ಊದುವವರ ಕೆಲಸವೆಲ್ಲ ಮುಗಿಯಬೇಕು.

ಊದುವ ಕಲೆ ಹುಟ್ಟಿದ್ದು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಸಿರಿಯಾ, ಪ್ಯಾಲೆಸ್ಟೈನ್ ಪ್ರಾಂತಗಳಲ್ಲಿ. ಅದಕ್ಕೆ ಮುಂಚೆ ಗಾಜಿನ ಪಾತ್ರೆ ಸಿರಿವಂತರ ಸೊತ್ತಾಗಿತ್ತು. ರೋಮಿನಲ್ಲಿ ತಾಮ್ರದ ಒಂದು ನಾಣ್ಯಕ್ಕೆ ಗಾಜಿನ ಬಟ್ಟಲು ದೊರೆಯುತ್ತಿತ್ತೆಂದು ಭೂಗೋಳಕಾರನಾದ ಸ್ಟ್ರೇಬೊ ಬರೆದಿದ್ದಾನೆ. ಉಸಿರು ಅಷ್ಟರಮಟ್ಟಿಗೆ ಬೆಲೆಯನ್ನು ಇಳಿಸಿತ್ತು! ಮುಂದೆ ಈ ವಿದ್ಯೆಗೆ ವೆನಿಸ್ ನಗರ ಹೆಸರಾಯಿತು. ಬೆಂಕಿಯ ಭಯದಿಂದ 1291ರಲ್ಲಿ ಅಲ್ಲಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಲಾಯಿತು. ಕುಶಲಿಗಳು ಗೌರವದಿಂದ ಬಾಳಿದರು. ಆದರೆ ತಮ್ಮ ಗುಟ್ಟಿನೊಡನೆ ಪರರಾಜ್ಯಕ್ಕೆ ಹೋಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಬಲ್ಲವರ ಮನೆತನಗಳಲ್ಲಿಯೇ ವಿದ್ಯೆ ಉಳಿಯಿತು.

ಈ ಬಾಗಿಲು ತೆರೆದ ಕಥೆ ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರಕ್ಕೆ ಸೇರಿದುದು. 1888ರಲ್ಲಿ ಎಡ್ವರ್ಡ್ ಲಿಬ್ಬಿ ಎಂಬ ಉದ್ಯಮಿ ತಮ್ಮ ಗಾಜಿನ ಕಾರ್ಖಾನೆಯನ್ನು ಅಲ್ಲಿಗೆ ತಂದರು. ಅಲ್ಲಿ ಕೆಲಸಕ್ಕೆ ಸೇರಿದ ಮೈಕೇಲ್ ಓವೆನ್ಸ್, ಹತ್ತನೆಯ ವಯಸ್ಸಿನಲ್ಲಿಯೇ ಗಾಜಿನ ಕುಲುಮೆಗೆ ದುಡಿಯಲು ಹೋಗಿದ್ದವರು. 1903ರ ಸುಮಾರಿಗೆ ಅವರು ರೂಪಿಸಿದ ಯಂತ್ರ ಸೀಸೆಗಳನ್ನು ತಾನಾಗಿಯೇ ಊದಿ ಹೊರಹಾಕತೊಡಗಿತು. ಕುಲುಮೆಗಳಲ್ಲಿ ಹಗಲಿರುಳು ದುಡಿಯುತ್ತಿದ್ದ ಎಳೆಯ ಹುಡುಗರಿಗೆ ಅದು ಬಿಡುಗಡೆಯ ದಾರಿಯಾಯಿತು. ಊದುವುದನ್ನೇ ನಂಬಿದ್ದ ಕಸುಬುದಾರರಿಗೆ ಕೆಲಸ ತಪ್ಪಿತು. ಇವೆರಡರಲ್ಲಿ ಯಾವುದನ್ನು ಮರೆತರೂ ಯಂತ್ರಕ್ಕೆ ನ್ಯಾಯ ಸಲ್ಲಿಸಿದಂತಾಗದು.

ಆಶ್ಚರ್ಯವೆಂದರೆ, ಕೈಕಸುಬನ್ನು ಮೂಲೆಗೆ ತಳ್ಳಿದ ಅದೇ ಊರಿನಲ್ಲಿ ಅದು ಮರುಹುಟ್ಟು ಪಡೆಯಿತು. 1962ರಲ್ಲಿ, ಮಣ್ಣಿನ ಪಾತ್ರೆಗಳ ಕಲೆಯನ್ನು ಬೋಧಿಸುತ್ತಿದ್ದ ಹಾರ್ವೆ ಲಿಟಲ್‌ಟನ್ ಅವರು ಟೊಲೀಡೊ ಕಲಾ ಸಂಗ್ರಹಾಲಯದ ಆವರಣದ ಗ್ಯಾರೇಜೊಂದರಲ್ಲಿ ಸಣ್ಣ ಕುಲುಮೆ ಹೂಡಿ ಕಾರ್ಯಾಗಾರ ನಡೆಸಿದರು. ಅವರ ಮನೆಯೇ ಗಾಜಿನ ಮನೆ ಎನ್ನಬಹುದು. ತಂದೆ ಕಾರ್ನಿಂಗ್ ಕಾರ್ಖಾನೆಯ ವಿಜ್ಞಾನಿ. ತಾಯಿ 1913ರಲ್ಲಿ ಬ್ಯಾಟರಿಯ ಗಾಜಿನ ಜಾಡಿಯ ತಳವನ್ನು ಕತ್ತರಿಸಿ ತರಿಸಿಕೊಂಡು ಅದರಲ್ಲಿ ಕೇಕು ಬೇಯಿಸಿ ನೋಡಿದವರು. ನಮ್ಮ ಪ್ರಯೋಗಶಾಲೆಗಳೂ ಬಲ್ಲ ಪೈರೆಕ್ಸ್ ಪಾತ್ರೆಗಳು ಅಡುಗೆಮನೆಗೆ ಬಂದದ್ದು ಆ ಪ್ರಯೋಗದ ಬೆನ್ನಿಗೇ. ಮಗನ ಪ್ರಯೋಗವಾದರೋ ಮೊದಲು ಕೈಕೊಟ್ಟಿತು. ಕರಗಿಸಿದ ಗಾಜು ಊದಲು ಬರುವಂತಿರಲಿಲ್ಲ. ಆಗ ಡಾಮಿನಿಕ್ ಲಬೀನೊ ಎಂಬ ತಂತ್ರಜ್ಞರು, ಗಾಜಿನ ನೂಲು ತೆಗೆಯಲು ಬಳಸುತ್ತಿದ್ದ ಗೋಲಿಗಳನ್ನು ಕರಗಿಸುವಂತೆ ಸೂಚಿಸಿ ಒದಗಿಸಿದರು. ಗೋಲಿಗಳು ಸೊಗಸಾಗಿ ಕರಗಿದವು. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಹಾರ್ವೆ ಲೀಫ್‌ಗ್ರೀನ್ ಎಂಬ ಹಿರಿಯ ಕಸುಬುದಾರರು ಕೊಳವೆ ಹಿಡಿದು ಊದುವ ಬಗೆಯನ್ನು ತೋರಿಸಿಕೊಟ್ಟರು. ದೊಡ್ಡ ಕಾರ್ಖಾನೆಯಿಲ್ಲದೆ, ಒಬ್ಬಿಬ್ಬರು ಕೂಡಿ ಸಣ್ಣ ಕುಲುಮೆಯಲ್ಲಿ ಗಾಜು ಊದಬಹುದೆಂದು ಅಂದು ಸಿದ್ಧವಾಯಿತು. ಇಂದು ಅಮೆರಿಕದ ಅನೇಕ ಊರುಗಳಲ್ಲಿ ಹೊಸಬರಿಗೆ ಕಲಿಸುವ ಗಾಜಿನ ಕಮ್ಮಟಗಳಿರುವುದಕ್ಕೆ ಇದೇ ನಾಂದಿ.

ಅಂಥ ಕಮ್ಮಟವೊಂದನ್ನು ಹೊಕ್ಕವರಿಗೆ ಮೊದಲು ತಗಲುವುದು ಝಳ. ಹತ್ತಿಯ ಬಟ್ಟೆ, ಪಾದ ಮುಚ್ಚುವ ಚಪ್ಪಲಿ ಯಾ ಬೂಟು, ಕಣ್ಣಿಗೆ ರಕ್ಷಣೆಯ ಕನ್ನಡಕ, ಬಿಗಿದು ಕಟ್ಟಿದ ಕೂದಲು—ಇಷ್ಟಿಲ್ಲದೆ ಕುಲುಮೆಯ ಬಳಿ ಬಿಡುವುದಿಲ್ಲ. ಕೃತಕ ನೂಲಿನ ಬಟ್ಟೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಶಿಕ್ಷಕರು ಹೇಳುವ ಮೊದಲ ಮಾತು, ಯಾವ ಗಾಜನ್ನೂ ತಣ್ಣಗಿದೆಯೆಂದು ನಂಬಬೇಡಿ ಎಂಬುದು. 400 ಡಿಗ್ರಿಯ ಗಾಜು ಹೊಳಪಳಿದು, ಅಂಗಡಿಯಲ್ಲಿಟ್ಟ ಲೋಟದಂತೆಯೇ ಸಾಧುವಾಗಿ ಕಾಣುತ್ತದೆ.

ಕೊಳವೆಯ ತುದಿಯನ್ನು ಕಾಯಿಸಿ, ಕುಲುಮೆಯ ಬಾಯಿಯೊಳಗೆ ಓರೆಯಾಗಿ ಇಳಿಸಿ, ಚಮಚಕ್ಕೆ ಜೇನು ಸುತ್ತಿಕೊಳ್ಳುವಂತೆ ಎರಡು ಮೂರು ಸುತ್ತು ತಿರುಗಿಸಿದರೆ ಗಾಜು ಅಂಟಿಕೊಳ್ಳುತ್ತದೆ. ಬೆಳಕು ಕಣ್ಣು ಕೋರೈಸುತ್ತದೆ. ಬೆರಳ ಗೆಣ್ಣುಗಳು ಉರಿಯುತ್ತವೆ. ಹೊಸಬರು ಅಂಜಿ ಸರಕ್ಕನೆ ಹಿಂದೆ ಸರಿಯುತ್ತಾರೆ, ಸರಿಯುವಾಗ ತಿರುಗಿಸುವುದನ್ನು ಮರೆಯುತ್ತಾರೆ. ಮರುಕ್ಷಣವೇ ಗಾಜು ನೆಲದ ಕಡೆಗೆ ಜೋತುಬೀಳುತ್ತದೆ. ಕುಂಬಾರನ ತಿರುಗಣಿ ಮಡಕೆಯ ಅಡಿಯಲ್ಲಿ ಸುತ್ತುತ್ತದೆ. ಇಲ್ಲಿ ತಿರುಗಣಿಯೆಂದರೆ ಕಲಿಯುವವರ ಹತ್ತು ಬೆರಳುಗಳೇ. ನಡೆಯುವಾಗ, ಕೂರುವಾಗ, ಶಿಕ್ಷಕರ ಮಾತಿಗೆ ತಲೆಯಾಡಿಸುವಾಗಲೂ ಅವು ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು.

ಉಕ್ಕಿನ ಮೇಜಿನ ಮೇಲೆ ಮುದ್ದೆಯನ್ನು ಹೊರಳಿಸಿದರೆ ಅದರ ಹೊರಮೈ ತುಸು ಆರಿ, ಆಕಾರ ಕೊಳವೆಯ ನೇರಕ್ಕೆ ಬರುತ್ತದೆ. ಅನಂತರ ಊದುವುದು. ಬಲವಾಗಿ ಊದಬೇಕೆಂಬುದು ಎಲ್ಲರ ತಪ್ಪು ಕಲ್ಪನೆ. ಕೆನ್ನೆ ಉಬ್ಬಿಸಿ ಒಂದು ಸಣ್ಣ ಉಸಿರನ್ನು ಕೊಳವೆಗೆ ತುಂಬಿ, ತಟ್ಟನೆ ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚಿದರೆ ಸಾಕು. ಒಳಗೆ ಸಿಕ್ಕಿದ ಗಾಳಿ ಶಾಖಕ್ಕೆ ಹಿಗ್ಗಿ, ಮುದ್ದೆಯ ನಡುವೆ ಗುಳ್ಳೆಯೊಂದು ತಾನಾಗಿ ಅರಳುತ್ತದೆ. ಗಾಜು ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿ ಹೆಚ್ಚು ಉಬ್ಬುತ್ತದೆ. ಆದ್ದರಿಂದ ಊದುವ ವಿದ್ಯೆಯೆಂಬುದು ನಿಜವಾಗಿ ಶಾಖವನ್ನು ಬೇಕಾದೆಡೆ ನಿಲ್ಲಿಸುವ ವಿದ್ಯೆ. ಉಸಿರಿನ ಪಾಲು ಅದರಲ್ಲಿ ಸ್ವಲ್ಪವೇ.

ನಿಮಿಷದೊಳಗೆ ಗಾಜು ಬಿಗಿಯತೊಡಗುತ್ತದೆ. ಮತ್ತೆ ಕಾಯಿಸಲು ಬೇರೊಂದು ಕುಲುಮೆಯಿದೆ. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಅದರ ಬಾಯಿಗೆ ಹಲವು ಸಲ ಹೋಗಿಬರಬೇಕು. ಉಪಕರಣಗಳಲ್ಲಿ ನನಗೆ ಅತಿ ವಿಚಿತ್ರವಾಗಿ ತೋರುವುದು ಹಳೆಯ ವರ್ತಮಾನಪತ್ರಿಕೆ. ಅದನ್ನು ದಪ್ಪಗೆ ಮಡಿಸಿ, ನೀರಿನಲ್ಲಿ ನೆನೆಸಿ, ಅಂಗೈಯಲ್ಲಿಟ್ಟುಕೊಂಡು ಉರಿಯುವ ಗಾಜನ್ನು ಸವರುತ್ತಾರೆ. ಕೈಗೂ ಬೆಂಕಿಗೂ ನಡುವೆ ಇರುವುದು ಒದ್ದೆ ಕಾಗದ ಮತ್ತು ಅದರಿಂದೇಳುವ ಹಬೆ ಮಾತ್ರ.

ಈ ಕೆಲಸವನ್ನು ಒಬ್ಬರೇ ಮಾಡುವುದು ಕಷ್ಟ. ಪೀಠದ ಮೇಲೆ ಕುಳಿತವರು ದೊಡ್ಡ ಇಕ್ಕುಳದಿಂದ ಗುಳ್ಳೆಯ ಕತ್ತನ್ನು ಅಮುಕುವಾಗ ಇನ್ನೊಬ್ಬರು ಊದುತ್ತಿರುತ್ತಾರೆ. ನಿಜವಾದ ಪರೀಕ್ಷೆ ಬರುವುದು ಬಟ್ಟಲಿನ ಬಾಯಿಯನ್ನು ಬಿಡಿಸಬೇಕಾದಾಗ. ಅಲ್ಲಿಯವರೆಗೆ ಅದು ಕೊಳವೆಗೇ ಅಂಟಿದೆಯಷ್ಟೆ. ಸಂಗಡಿಗರು ಇನ್ನೊಂದು ಸರಳಿನ ತುದಿಯಲ್ಲಿ ಬಿಸಿಗಾಜಿನ ತೊಟ್ಟೊಂದನ್ನು ತಂದು ಬಟ್ಟಲಿನ ತಳಕ್ಕೆ ಒತ್ತುತ್ತಾರೆ. ಅಮುಕಿದ ಕತ್ತಿಗೆ ನೀರಿನ ಹನಿ ಬೀಳುತ್ತದೆ, ಕೊಳವೆಗೆ ಒಂದು ಮೆಲುಪೆಟ್ಟು. ಕತ್ತು ಬಿರಿದು, ಬಟ್ಟಲು ಸರಳಿನ ಕಡೆಗೆ ಬರುತ್ತದೆ—ತೊಟ್ಟಿನ ಶಾಖ ಹದವಾಗಿದ್ದರೆ. ಅದು ತೀರ ಆರಿದ್ದರೆ ಅಂಟುವುದಿಲ್ಲ. ತೀರ ಕಾದಿದ್ದರೆ ಕೊನೆಯಲ್ಲಿ ಬಿಡುವುದಿಲ್ಲ. ಅರ್ಧ ಗಂಟೆಯ ದುಡಿತ ಕಣ್ಣೆದುರಿಗೇ ಗಾರೆಯ ನೆಲದ ಮೇಲೆ ಚೂರಾಗುವುದು ಈ ಘಟ್ಟದಲ್ಲಿ ಅಪರೂಪವೇನಲ್ಲ. ಶಿಕ್ಷಕರು ಪೊರಕೆಯನ್ನು ಹತ್ತಿರವೇ ಇಟ್ಟುಕೊಂಡಿರುತ್ತಾರೆ.

ಉಳಿದ ಬಟ್ಟಲಿನ ಬಾಯಿಯನ್ನು ಕಾಯಿಸಿ, ಇಕ್ಕುಳದಿಂದ ಅಗಲಿಸಿದರೆ ರೂಪ ಮುಗಿಯಿತು. ಆದರೆ ಅದನ್ನು ಮನೆಗೆ ಒಯ್ಯುವಂತಿಲ್ಲ. ಗಾಳಿಯಲ್ಲಿಟ್ಟರೆ ಹೊರಮೈ ಬೇಗ ಆರಿ ಗಟ್ಟಿಯಾಗುತ್ತದೆ; ಒಳಗಿನ ಗಾಜು ಆಮೇಲೆ ಆರಿ ಕುಗ್ಗಲೆಳಸುತ್ತದೆ. ಈ ಎಳೆದಾಟವೇ ಬಟ್ಟಲನ್ನು ಸೀಳುತ್ತದೆ. ಅದಕ್ಕಾಗಿ ಸುಮಾರು 500 ಡಿಗ್ರಿಯ ಒಲೆಯೊಂದರಲ್ಲಿಟ್ಟು, ರಾತ್ರಿಯಿಡೀ ಮೆಲ್ಲಗೆ ಆರಿಸುತ್ತಾರೆ. ಬೆಂಕಿಯಲ್ಲಿ ಎಲ್ಲ ಗಾಜೂ ಒಂದೇ ಕಿತ್ತಳೆಯಾಗಿದ್ದುದರಿಂದ, ತಾವು ಬೆರೆಸಿದ ಬಣ್ಣದ ಹುಡಿ ನೀಲಿಯಾಗಿ ಬಂದಿದೆಯೇ, ಎಲ್ಲಿ ಹರಡಿದೆ ಎಂಬುದು ಮಾಡಿದವರಿಗೂ ಮರುದಿನದವರೆಗೆ ತಿಳಿಯದು.

ಮೊದಲ ಬಟ್ಟಲು ಬಹುಮಟ್ಟಿಗೆ ಸೊಟ್ಟಗಿರುತ್ತದೆ. ಒಂದು ಬದಿ ದಪ್ಪ, ಒಂದು ಬದಿ ತೆಳು. ಬೆರಳುಗಳು ತಿರುಗಿಸಲು ಮರೆತ ಗಳಿಗೆ ಅದರಲ್ಲಿ ಅಚ್ಚೊತ್ತಿರುತ್ತದೆ. ತಳವನ್ನು ಸವರಿದರೆ ಒರಟಾದ ಒಂದು ಗುರುತು ಕೈಗೆ ಸಿಗುತ್ತದೆ. ಸರಳು ಬಿಟ್ಟುಹೋದ ಜಾಗ ಅದು. ಯಂತ್ರದಲ್ಲಿ ಹುಟ್ಟಿದ ಸೀಸೆಯ ಮೈಮೇಲಾದರೆ ಅಡಿಯಿಂದ ಕತ್ತಿನವರೆಗೆ ಅಚ್ಚಿನ ಎರಡು ಹೋಳುಗಳು ಕೂಡಿದ ಸಣ್ಣ ಗೆರೆ ಕಾಣುತ್ತದೆ; ಮನೆಯಲ್ಲಿರುವ ಯಾವುದಾದರೂ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಬಹುದು.