ಅಪ್ಪನ ಜೀಪಿಗೆ ಯಾವ ಚಾಸಿ?

ಕೊಳ್ಳೇಗಾಲದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ 22 ವರ್ಷಗಳಿಂದ ಒಂದು ಜೀಪು ನಿಂತಿತ್ತು. 1967ರ ಮಹೀಂದ್ರ ಜೀಪು. ನಮ್ಮಪ್ಪ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಹನೂರು, ಲೊಕ್ಕನಹಳ್ಳಿ, ಕೌದಳ್ಳಿ ಕಡೆಯಿಂದ ಗೂಡು ತುಂಬಿಕೊಂಡು ಬರುತ್ತಿದ್ದುದು ಅದರಲ್ಲೇ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದುದೂ ಅದರಲ್ಲೇ. ತಾಳಬೆಟ್ಟದಲ್ಲಿ ಅಪ್ಪ ಗಾಡಿ ನಿಲ್ಲಿಸಿ, ರೇಡಿಯೇಟರಿಗೆ ನೀರು ಹಾಕಿ, ಕೈಮುಗಿದೇ ಘಾಟಿ ಹತ್ತಿಸುತ್ತಿದ್ದರು.

ಗುಜರಿಯವನು ನಲವತ್ತು ಸಾವಿರ ಕೊಡುತ್ತೇನೆ ಅಂದಿದ್ದ. ‘ಕೊಟ್ಬುಡಿ, ಆ ಜಾಗದಲ್ಲಿ ಸೌದೆನಾದ್ರೂ ಹಾಕ್ಕೊಬೋದು’ ಎಂದಳು ನನ್ನ ಹೆಂಡತಿ. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಅಷ್ಟರಲ್ಲಿ ಬೇಸಿಗೆ ರಜೆಗೆ ಬಂದ ಮೊಮ್ಮಗ, ಎಂಟನೇ ತರಗತಿಯವನು, ಜೀಪಿನೊಳಗೆ ಕೂತು ಸ್ಟಿಯರಿಂಗ್ ಹಿಡಿದುಬಿಟ್ಟ. ‘ತಾತ, ಇದನ್ನ ಓಡಿಸೋಣ.’

ಗ್ಯಾರೇಜಿನ ಮೇಸ್ತ್ರಿ ಬಂದರು. ಬೋಲ್ಟುಗಳನ್ನು ಬಿಚ್ಚಿ, ಆರು ಜನ ಸೇರಿ ಬಾಡಿಯನ್ನು ಎತ್ತಿ ಪಕ್ಕಕ್ಕಿಟ್ಟೆವು. ಕೆಳಗೆ ಉಳಿದದ್ದೇ ಚಾಸಿ. ಮಕ್ಕಳೇ, ನೆಲದ ಮೇಲೆ ಮಲಗಿಸಿದ ಏಣಿಯನ್ನು ನೆನಪಿಸಿಕೊಳ್ಳಿ. ಉದ್ದಕ್ಕೆ ಎರಡು ಕಬ್ಬಿಣದ ಕಂಬಿ, ಅವನ್ನು ಹಿಡಿದಿಡಲು ನಡುವೆ ಅಡ್ಡಪಟ್ಟಿಗಳು. ಎಂಜಿನ್, ಚಕ್ರ, ಬಾಡಿ, ಕೂತವರು, ಎಲ್ಲರ ಭಾರವೂ ಅದರ ಮೇಲೆ. ಮೇಸ್ತ್ರಿ ಹಿಂದಿನ ಎಡಗಡೆಯ ಕಂಬಿಗೆ ಸ್ಕ್ರೂಡ್ರೈವರ್ ಒತ್ತಿದರು. ಅದು ಆಚೆ ಬದಿಯಲ್ಲಿ ಇಣುಕಿತು. ಕೊಟ್ಟಿಗೆಯ ಗಂಜಲದಲ್ಲಿ ಉಪ್ಪಿನ ಅಂಶವಿರುತ್ತದೆ. ಅದೂ ತೇವವೂ ಸೇರಿದರೆ ಕಬ್ಬಿಣಕ್ಕೆ ತುಕ್ಕು ಬೇಗ. ಜೀಪನ್ನು ಅಲ್ಲಿ ನಿಲ್ಲಿಸಿದವನು ನಾನೇ.

‘ಅಮೆರಿಕದಲ್ಲಿ ಹೊಸ ಚಾಸಿನೇ ಸಿಗುತ್ತೆ ತಾತ’ ಎಂದ ಮೊಮ್ಮಗ. ಹೌದು. ಅಲ್ಲಿ 1960ರ ದಶಕದಲ್ಲಿ ದೊಡ್ಡ ಎಂಜಿನ್ನಿನ, ಗುಟುರು ಹಾಕುವ ‘ಮಸಲ್ ಕಾರು’ಗಳು ಬಂದವು. ಅವುಗಳಲ್ಲಿ ಷೆವರ್ಲೆ ಷೆವೆಲ್‌ನಂಥ ಕಾರುಗಳಿಗೆ ನಮ್ಮ ಜೀಪಿನ ಹಾಗೆ ಚಾಸಿಯೇ ಬೇರೆ, ಬಾಡಿಯೇ ಬೇರೆ. ಹಳೆಯ ಬಾಡಿಗೆ ಸರಿಹೊಂದುವ ಹೊಸ ಚಾಸಿ ಮಾಡಿ ಮಾರುವ ಕಂಪನಿಗಳೇ ಅಲ್ಲಿವೆ. ಫೋರ್ಡ್ ಮಸ್ಟಾಂಗ್ ಹಾಗಲ್ಲ. ಅದರಲ್ಲಿ ತಳವೂ ಬಾಡಿಯೂ ಒಂದೇ ಬೆಸುಗೆ.

ನಾವೂ ಹುಡುಕಲು ಹೊರಟೆವು. ಹನೂರಿನಲ್ಲಿ ಒಂದು ಸಿಕ್ಕಿತು, ಗಟ್ಟಿಯಾಗಿಯೇ ಇತ್ತು. ಮೊಮ್ಮಗ ಟೇಪು ಹಿಡಿದ. ನಮ್ಮ ಜೀಪಿನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಇಂಚು. ಅದು 91 ಇಂಚಿನದು, ಆಮೇಲೆ ಬಂದ ಎಂಎಂ 540 ಜೀಪಿನದು. 11 ಇಂಚು ಉದ್ದದ ಚಾಸಿಯ ಮೇಲೆ ನಮ್ಮ ಬಾಡಿ ಕೂತರೆ ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗಿರುತ್ತದೆ. ಚಹಾ ಕುಡಿದು ವಾಪಸ್ ಬಂದೆವು.

ಯಳಂದೂರಿನ ಆಚೆ ಒಬ್ಬರ ಹಿತ್ತಲಿನಲ್ಲಿದ್ದದ್ದು 80 ಇಂಚಿನದೇ. ಹದಿನೆಂಟು ಸಾವಿರ ಅಂದರು. ಮೇಸ್ತ್ರಿ ಅದನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ಸಮನಾಗಿ ಇಡಿಸಿ, ಮೊಮ್ಮಗನ ಕೈಗೆ ದಾರ ಕೊಟ್ಟರು. ಎಡಗಡೆ ಮುಂದಿನ ತೂತಿನಿಂದ ಬಲಗಡೆ ಹಿಂದಿನ ತೂತಿಗೆ ಒಂದು ಅಳತೆ. ಬಲಗಡೆ ಮುಂದಿನಿಂದ ಎಡಗಡೆ ಹಿಂದಿನದಕ್ಕೆ ಇನ್ನೊಂದು. ನೀವು ಶಾಲೆಯಲ್ಲಿ ಓದುವ ಕರ್ಣಗಳೇ ಇವು. ಚಾಸಿ ಸೊಟ್ಟಗಾಗಿರದಿದ್ದರೆ ಎರಡೂ ಸಮ. ಸಮವಾಗಿಯೇ ಇದ್ದವು. ನಾನು ಜೇಬಿಗೆ ಕೈಹಾಕಿದೆ.

ಅಷ್ಟರಲ್ಲಿ ಹುಡುಗ ಸೀಮೆಎಣ್ಣೆ ಬಟ್ಟೆಯಿಂದ ಚಾಸಿಯ ಮುಂಭಾಗ ಉಜ್ಜುತ್ತಿದ್ದ. ನಂಬರ್ ಇರಬೇಕಾದ ಕಡೆ ಗ್ರೈಂಡರ್ ಆಡಿಸಿದ ಗುರುತು. ‘ಅದಕ್ಕೇನ್ ಸಾರ್, ನಿಮ್ ಬುಕ್ಕಲ್ಲಿರೋ ನಂಬರ್ರೇ ಹೊಡಸ್ಕೊಡ್ತೀನಿ’ ಎಂದರು ಮಾರುವವರು. ಸುಳ್ಳು ಹೇಳಬಾರದು, ಒಂದು ಕ್ಷಣ ನನಗೂ ಆಸೆಯಾಯಿತು. ‘ಇದು ಯಾರ ಗಾಡಿದು ತಾತ?’ ಎಂದ ಮೊಮ್ಮಗ. ಮಾರುವವರು ಉತ್ತರ ಕೊಡಲಿಲ್ಲ. ಚಾಸಿ ನಂಬರ್ ಅಳಿಸಿದೆ ಎಂದರೆ ಆ ಗಾಡಿ ಕಳವಿನದೂ ಆಗಿರಬಹುದು. ಕೈ ಹಿಂತೆಗೆದೆ.

ಹರಿಯಾಣದ ಮಂಡಿ ದಬ್ವಾಲಿ ಎಂಬ ಊರು ಜೀಪು ಕಟ್ಟುವುದಕ್ಕೆ ಹೆಸರುವಾಸಿ. ಅಲ್ಲಿಂದ ತರಿಸಿಕೊಳ್ಳಿ ಎಂದರು ಕೆಲವರು. ಆದರೆ ಕಾನೂನು ಇದೆಯಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ. ಅದಕ್ಕೂ ಚಾಸಿ, ಬಾಡಿ, ಎಂಜಿನ್ ಮೊದಲಿದ್ದ ರೂಪದಲ್ಲೇ ಇರಬೇಕು. ಮೊಮ್ಮಗನಿಗೆ ಆ ಅಕ್ಷರದ ಆಸೆ. ನನಗೆ ಬೇಡ, ಆ ಗಾಡಿಗಳನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ದಿನದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಸಂತೆಗೂ ಹೋಗಬೇಕು.

ಕೊನೆಗೆ ಮೇಸ್ತ್ರಿ ನಮ್ಮ ಚಾಸಿಯನ್ನೇ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಇದ್ದ ಕಡೆ ಟಣ್ ಎಂಬ ನಾದ, ತಿಂದುಹೋದ ಕಡೆ ಬರೀ ಡಬ್. ಡಬ್ ಎಂದದ್ದು ಎರಡು ಅಡಿ ಮಾತ್ರ. ‘ಇದನ್ನೇ ಉಳಿಸ್ಕೊಳ್ಳಿ’ ಎಂದರು.

ಕೊಳೆತ ಭಾಗ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಬಗ್ಗಿಸಿ ಕೂರಿಸಿದರು. ಒಳಗಿನಿಂದ ಇನ್ನೊಂದು ಪಟ್ಟಿ. ಆ ಪಟ್ಟಿಯ ತುದಿಗಳನ್ನು ಅವರು ಓರೆಯಾಗಿ ಕತ್ತರಿಸಿದ್ದು ನೋಡಿ ಯಾಕೆಂದು ಕೇಳಿದೆ. ಒಂದು ಕಾಗದಕ್ಕೆ ಅಡ್ಡಲಾಗಿ ಉಗುರಿನಿಂದ ಗೀರಿ ಎಳೆದರು. ಗೀರಿದ ಗೆರೆಯಲ್ಲೇ ಹರಿಯಿತು. ಬೆಸುಗೆ ಕಂಬಿಗೆ ನೇರ ಅಡ್ಡವಾಗಿದ್ದರೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಅಲ್ಲೇ ಬಿರುಕು ಬಿಡುತ್ತದಂತೆ. ಓರೆಯಾಗಿದ್ದರೆ ಭಾರ ಹಂಚಿಹೋಗುತ್ತದೆ. ಐವತ್ತು ವರ್ಷ ಗಾಡಿ ಓಡಿಸಿದ ನನಗೆ ಇದು ಗೊತ್ತಿರಲಿಲ್ಲ.

ಬೆಸುಗೆ ಆರಿದ ಮೇಲೆ ಮೊಮ್ಮಗ ಮತ್ತೆ ದಾರ ಎಳೆದ. ಎರಡು ಕರ್ಣಗಳಿಗೆ 3 ಮಿಲಿಮೀಟರ್ ವ್ಯತ್ಯಾಸ. ಸಾಕು, ಎಂದರು ಮೇಸ್ತ್ರಿ. ಮುಂದಿನ ಕಂಬಿಯ ತುಕ್ಕು ಉಜ್ಜಿದಾಗ ಅಪ್ಪನ ಹಳೆಯ ಬುಕ್ಕಿನಲ್ಲಿದ್ದ ನಂಬರೇ ಒಂದೊಂದಾಗಿ ಕಾಣಿಸಿತು. ಅವನು ಓದಿದ, ನಾನು ಬುಕ್ಕಿನಲ್ಲಿ ಬೆರಳಿಟ್ಟು ನೋಡುತ್ತ ಹೋದೆ.

ಬಾಡಿ ಇನ್ನೂ ಕೂರಿಸಿಲ್ಲ, ಆರ್‌ಸಿ ನವೀಕರಣವೂ ಬಾಕಿ. ಕೊಟ್ಟಿಗೆಗೆ ಸಿಮೆಂಟು ಹಾಕಿಸಿದ್ದೇನೆ. ಸೌದೆಗೆ ಬೇರೆ ಜಾಗ ಹುಡುಕಬೇಕು.