ಐಸಿಯುಗಿಂತ ಜನರಲ್ ವಾರ್ಡಿನಲ್ಲೇ ಹೆಚ್ಚು ಸೋಂಕು

2020ರ ಜನವರಿಯಲ್ಲಿ ವುಹಾನ್ ನಗರದ ಝೊಂಗ್ನಾನ್ ಆಸ್ಪತ್ರೆಗೆ ಹೊಟ್ಟೆಯ ತೊಂದರೆ ಎಂದು ಒಬ್ಬ ರೋಗಿ ಬಂದರು. ಅವರನ್ನು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸೇರಿಸಿಕೊಂಡರು. ಇದು ಹೊಸ ಕೊರೊನಾ ವೈರಸ್ಸಿನ ಸೋಂಕು ಎಂಬ ಗುಮಾನಿ ಆಗ ಯಾರಿಗೂ ಬರಲಿಲ್ಲ. ಅವರೊಬ್ಬರಿಂದಲೇ ಆ ವಿಭಾಗದ ಹತ್ತಕ್ಕೂ ಹೆಚ್ಚು ಸಿಬ್ಬಂದಿಗೆ ರೋಗ ಅಂಟಿರಬೇಕೆಂದು ಅಲ್ಲಿನ ವೈದ್ಯರು ಆಮೇಲೆ ಅಂದಾಜು ಮಾಡಿದರು. ಆ ತಿಂಗಳು ಅಲ್ಲಿ ದಾಖಲಾದ 138 ಕೋವಿಡ್ ರೋಗಿಗಳ ವಿವರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಅವರಲ್ಲಿ 40 ಮಂದಿ ಆಸ್ಪತ್ರೆಯಲ್ಲೇ ದುಡಿಯುವವರು. ಆ ನಲವತ್ತರಲ್ಲಿ 31 ಜನ ಜನರಲ್ ವಾರ್ಡುಗಳಲ್ಲಿ ಕೆಲಸ ಮಾಡುತ್ತಿದ್ದರು, 7 ಜನ ತುರ್ತು ಚಿಕಿತ್ಸಾ ವಿಭಾಗದಲ್ಲಿ. ಐಸಿಯುನವರು ಇಬ್ಬರೇ.

ಐಸಿಯುನಲ್ಲಿ ಸಿಬ್ಬಂದಿಯೇ ಕಡಿಮೆ, ಹಾಗಾಗಿ ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೆ ಮುಂದಿನ ಎರಡು ವರ್ಷ ಬೇರೆ ಬೇರೆ ದೇಶಗಳಿಂದ ಬಂದ ಅಂಕಿಅಂಶಗಳು ಇದೇ ದಿಕ್ಕಿಗೆ ಕೈ ತೋರಿಸಿದವು. ವೆಂಟಿಲೇಟರಿನ ಮೇಲಿರುವ ರೋಗಿಯ ಪಕ್ಕ ನಿಂತವರಿಗಿಂತ, ಕೋವಿಡ್ ಇದೆಯೆಂದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಓಡಾಡಿದವರಿಗೆ ಸೋಂಕು ಹೆಚ್ಚಾಗಿ ತಗುಲಿತು.

ನಮ್ಮ ರಾಜ್ಯದ ಮೊದಲ ಸಾವಿನ ಸುತ್ತಲೂ ಹೀಗೇ ಆಯಿತು. ಸೌದಿ ಅರೇಬಿಯಾದಿಂದ ಕಲಬುರಗಿಗೆ ಮರಳಿದ್ದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ದೇಶದಲ್ಲೇ ಅದು ಕೋವಿಡ್‌ನಿಂದಾದ ಮೊದಲ ಸಾವು. ಆದರೆ ಸೋಂಕು ದೃಢಪಟ್ಟಿದ್ದು ಎರಡು ದಿನದ ನಂತರ. ಕೆಲವೇ ದಿನಗಳಲ್ಲಿ, ಅವರಿಗೆ ಚಿಕಿತ್ಸೆ ಕೊಟ್ಟಿದ್ದ 63 ವರ್ಷದ ವೈದ್ಯರಿಗೂ ಸೋಂಕು ಇರುವುದು ಖಚಿತವಾಯಿತು. ಮುಂದಿರುವ ರೋಗಿಗೆ ಯಾವ ಕಾಯಿಲೆ ಎಂದು ತಿಳಿಯುವ ಮೊದಲೇ ಆ ವೈದ್ಯರು ನಾಡಿ ಹಿಡಿದು ನೋಡಿಯಾಗಿತ್ತು. ವುಹಾನ್‌ನಲ್ಲಿ ಸಹೋದ್ಯೋಗಿಗಳನ್ನು ಮೊದಲು ಎಚ್ಚರಿಸಿದ ಲಿ ವೆನ್‌ಲಿಯಾಂಗ್ ಕಣ್ಣಿನ ವೈದ್ಯರು. ಗ್ಲಾಕೋಮಾ ಇದ್ದ ರೋಗಿಯೊಬ್ಬರಿಂದ ತನಗೆ ಸೋಂಕು ಬಂತೆಂದು ಅವರು ನಂಬಿದ್ದರು. ಆ ರೋಗಿಗೆ ಆಗ ಜ್ವರವೂ ಇರಲಿಲ್ಲ.

ಇದು ಯಾಕೆ ಹೀಗೆ ಎಂಬುದಕ್ಕೆ ಉತ್ತರ ವೈರಸ್ಸಿನ ವೇಳಾಪಟ್ಟಿಯಲ್ಲಿದೆ. 2003ರ ಸಾರ್ಸ್ ಕೂಡ ಕೊರೊನಾ ವೈರಸ್ಸಿನಿಂದಲೇ ಬಂದದ್ದು. ಜಗತ್ತಿನಾದ್ಯಂತ ಅದು ತಗುಲಿದ 8098 ಜನರಲ್ಲಿ 1707 ಮಂದಿ, ಅಂದರೆ ಐವರಲ್ಲಿ ಒಬ್ಬರು, ಆರೋಗ್ಯ ಕಾರ್ಯಕರ್ತರು. ಸಾರ್ಸ್ ರೋಗಿಯ ದೇಹದಲ್ಲಿ ವೈರಸ್ಸಿನ ಪ್ರಮಾಣ ಶಿಖರ ಮುಟ್ಟುತ್ತಿದ್ದುದು ಕಾಯಿಲೆಯ ಹತ್ತನೇ ದಿನದ ಸುಮಾರಿಗೆ. ಅಷ್ಟರಲ್ಲಿ ಆತ ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಿದ್ದ. ಹಾಗಾಗಿ ಸೋಂಕಿನ ಹೆಚ್ಚಿನ ಪಾಲು ನರ್ಸ್‌ಗಳ, ವೈದ್ಯರ ಪಾಲಿಗೆ ಬಂತು. ಕೋವಿಡ್‌ನಲ್ಲಿ ಈ ಶಿಖರ ಬೇಗ ಬರುತ್ತದೆ, ಲಕ್ಷಣಗಳು ಕಾಣಿಸುವ ಹೊತ್ತಿಗೇ ಅಥವಾ ಅದಕ್ಕೂ ತುಸು ಮೊದಲೇ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಪ್ರಕರಣಗಳಲ್ಲಿ ಸುಮಾರು ಶೇ 44ರಷ್ಟು ಮೊದಲಿನವರಿಗೆ ಲಕ್ಷಣ ಕಾಣಿಸುವ ಮುನ್ನವೇ ಆಗಿರುತ್ತದೆಂದು 2020ರ ಏಪ್ರಿಲ್‌ನಲ್ಲಿ ಒಂದು ಅಧ್ಯಯನ ಅಂದಾಜಿಸಿತು. ಉಸಿರು ಕಟ್ಟಿ ಐಸಿಯು ಸೇರುವ ರೋಗಿಗೆ ಕಾಯಿಲೆ ಬಂದು ವಾರದ ಮೇಲಾಗಿರುತ್ತದೆ. ಆತನ ಸ್ಥಿತಿ ಗಂಭೀರ, ಆದರೆ ಹರಡುವ ಶಕ್ತಿ ಅಷ್ಟರಲ್ಲಿ ಬಹುಪಾಲು ಇಳಿದಿರುತ್ತದೆ. ಹರಡುವ ಶಕ್ತಿ ಹೆಚ್ಚಿರುವವರು ಒಪಿಡಿಯ ಸಾಲಿನಲ್ಲಿ ನಿಂತವರು, ಬೇರೆ ಕಾಯಿಲೆಗೆಂದು ದಾಖಲಾದವರು, ಜೊತೆಗೆ ಬಂದ ಮನೆಯವರು. ಪಕ್ಕದಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿರುವ ಸಹೋದ್ಯೋಗಿಯೂ ಆಗಿರಬಹುದು.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 2020ರ ಏಪ್ರಿಲ್ ಕೊನೆಗೆ, ಲಕ್ಷಣಗಳಿಲ್ಲದೆ ಡ್ಯೂಟಿಯಲ್ಲಿದ್ದ 516 ಸಿಬ್ಬಂದಿಯ ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಿದರು. ಒಟ್ಟಾರೆ ಶೇ 24.4ರಷ್ಟು ಜನರಿಗೆ ಸೋಂಕು ಬಂದುಹೋಗಿತ್ತು. ಐಸಿಯು ಸಿಬ್ಬಂದಿಯಲ್ಲಿ ಅದು ಶೇ 14.8. ಎಲ್ಲರಿಗಿಂತ ಹೆಚ್ಚು, ಶೇ 34.5, ಕಂಡದ್ದು ನೆಲ ಒರೆಸುವ, ಕಸ ತೆಗೆಯುವ ಸ್ವಚ್ಛತಾ ಸಿಬ್ಬಂದಿಯಲ್ಲಿ. ಆಕ್ಸ್‌ಫರ್ಡ್‌ನ ಆಸ್ಪತ್ರೆಗಳಲ್ಲಿ ಹತ್ತು ಸಾವಿರ ಸಿಬ್ಬಂದಿಯನ್ನು ಪರೀಕ್ಷಿಸಿದಾಗಲೂ ಸ್ಟ್ರೆಚರ್ ತಳ್ಳುವವರು ಮತ್ತು ಸ್ವಚ್ಛತೆಯವರಿಗೆ ಅಪಾಯ ಉಳಿದವರ ಎರಡು ಪಟ್ಟಿನಷ್ಟಿತ್ತು. ಕೋವಿಡ್ ರೋಗಿಗಳಿದ್ದ ವಿಭಾಗಗಳ ಸಿಬ್ಬಂದಿಯಲ್ಲಿ ಶೇ 22.6ರಷ್ಟು ಜನರಿಗೆ ಸೋಂಕು ತಗುಲಿದ್ದರೆ ಉಳಿದೆಡೆ ಶೇ 8.6. ಆದರೆ ಕೋವಿಡ್ ವಿಭಾಗಗಳ ಪೈಕಿ ಐಸಿಯುನವರು ಮಾತ್ರ ಎದ್ದು ಕಾಣುವಷ್ಟು ಸುರಕ್ಷಿತವಾಗಿದ್ದರು.

ಸ್ವಚ್ಛತೆಯವರ ಈ ಅಂಕಿ ನನ್ನನ್ನು ಬಹಳ ಕಾಡುತ್ತದೆ. ವೈದ್ಯರು ರೌಂಡ್ಸ್ ಮುಗಿಸಿ ಹೊರಡುತ್ತಾರೆ. ಆಯಾ ಅದೇ ವಾರ್ಡಿನಲ್ಲಿ ಹಾಸಿಗೆ ಬದಲಿಸುತ್ತಾ, ಬೆಡ್‌ಪ್ಯಾನ್ ಎತ್ತುತ್ತಾ, ರೋಗಿಯನ್ನು ಮಗ್ಗುಲು ತಿರುಗಿಸುತ್ತಾ ಗಂಟೆಗಟ್ಟಲೆ ಇರುತ್ತಾಳೆ. ಒಳ್ಳೆಯ ಮಾಸ್ಕ್ ಹಂಚುವಾಗ ಮೊದಲ ಸರದಿ ಐಸಿಯುವಿಗೆ. ಸಂಬಳ ಕಡಿಮೆಯಿದ್ದವರ ಮನೆಯೂ ಚಿಕ್ಕದು, ಬಸ್ಸಿನಲ್ಲೂ ನೂಕುನುಗ್ಗಲು. ಮನೆಯಲ್ಲಿ ಸೋಂಕಿತರಿದ್ದರೆ ಅಪಾಯ ಐದು ಪಟ್ಟಿನ ಹತ್ತಿರಕ್ಕೆ ಏರುತ್ತದೆಂದು ಆಕ್ಸ್‌ಫರ್ಡ್ ಅಧ್ಯಯನವೇ ತೋರಿಸಿತು. ಆಸ್ಪತ್ರೆ ಸಿಬ್ಬಂದಿಯ ಅಪಾಯವನ್ನು ಬರೀ ವಾರ್ಡಿನ ಬಾಗಿಲೊಳಗೆ ಅಳೆದರೆ ಹೊರಗಿನ ಈ ಪಾಲು ಕಾಣುವುದೇ ಇಲ್ಲ.

ಇನ್ನು ಗಾಳಿಯ ವಿಷಯ. ಮೊದಲ ತಿಂಗಳುಗಳಲ್ಲಿ ಎಲ್ಲರ ಗಮನ ಕೈತೊಳೆಯುವುದರ ಮೇಲೆ, ಮೇಲ್ಮೈಗಳ ಮೇಲೆ. ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ದೊಡ್ಡಕ್ಷರಗಳಲ್ಲಿ ಟ್ವೀಟ್ ಮಾಡಿತು. ಅದು ತಪ್ಪಾಗಿತ್ತು. ಉಸಿರಿನ ಜೊತೆ ಹೊರಬೀಳುವ ಅತಿಸೂಕ್ಷ್ಮ ಕಣಗಳು ಊದುಬತ್ತಿಯ ಹೊಗೆಯಂತೆ ತೇಲುತ್ತಾ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಉಳಿಯುತ್ತವೆ. ಪಿಪಿಇ ಕಿಟ್ಟಿನಲ್ಲಿ ಬೆವರಿ ಬಂದ ಸಿಬ್ಬಂದಿ ಪುಟ್ಟ ಡ್ಯೂಟಿ ರೂಮಿನಲ್ಲಿ ಒಟ್ಟಿಗೆ ಕೂತು ಮಾಸ್ಕ್ ತೆಗೆದು ಟೀ ಕುಡಿದರೆ, ವಾರ್ಡಿನಲ್ಲಿ ತೊಟ್ಟ ಕಿಟ್ಟಿನ ರಕ್ಷಣೆ ಅಲ್ಲಿಗೆ ಮುಗಿಯಿತು.

ಉಸಿರಾಟದ ಕೊಳವೆ ಹಾಕುವ ಕೆಲಸವನ್ನೇ ಅತ್ಯಂತ ಅಪಾಯಕಾರಿ ಎಂದು ಭಾವಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸೋಂಕು ತಗುಲಿದ 378 ಆರೋಗ್ಯ ಕಾರ್ಯಕರ್ತರನ್ನೂ ತಗುಲದ 373 ಮಂದಿಯನ್ನೂ ಹೋಲಿಸಿ ನೋಡಿದಾಗ, ಕೊಳವೆ ಹಾಕಿದವರಲ್ಲಿ ಸೋಂಕಿನ ಸಂಭವ ನಾಲ್ಕು ಪಟ್ಟು ಕಂಡಿತು. ಆದರೆ ಬ್ರಿಟನ್ನಿನ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಣಗಳನ್ನೇ ಎಣಿಸಿದಾಗ, ಕೊಳವೆ ಹಾಕುವಾಗ ಹೊರಬಂದ ಕಣಗಳು ಒಂದು ಸಾದಾ ಕೆಮ್ಮಿಗಿಂತ ಬಹಳ ಕಡಿಮೆ ಇದ್ದವು. ಈ ಎರಡನ್ನೂ ಕೂಡಿಸಿ ನೋಡಿದರೆ ನನಗೆ ತೋಚುವುದು ಇಷ್ಟು: ಕೊಳವೆಗಿಂತ, ಏದುಸಿರು ಬಿಡುತ್ತಾ ಕೆಮ್ಮುತ್ತಿರುವ ರೋಗಿಯ ಮುಖದ ಹತ್ತಿರ ಹೊತ್ತುಗಟ್ಟಲೆ ಇರುವುದೇ ಹೆಚ್ಚು ಅಪಾಯ. ಅಂಥ ರೋಗಿಗಳು ವಾರ್ಡುಗಳಲ್ಲೂ ಸಾಕಷ್ಟಿದ್ದರು.

ಮಾಸ್ಕಿನ ವಿಷಯದಲ್ಲಿ ಪುರಾವೆ ಒಂದೇ ಸಮನಾಗಿಲ್ಲ. ಬಾಸ್ಟನ್ನಿನ ಮಾಸ್ ಜನರಲ್ ಬ್ರಿಗ್‌ಹ್ಯಾಮ್ ಆಸ್ಪತ್ರೆಗಳಲ್ಲಿ 2020ರ ಮಾರ್ಚ್ ಕೊನೆಯಿಂದ ಎಲ್ಲ ಸಿಬ್ಬಂದಿಗೂ, ಏಪ್ರಿಲ್ ಮೊದಲ ವಾರದಿಂದ ರೋಗಿಗಳಿಗೂ ಮಾಸ್ಕ್ ಕಡ್ಡಾಯ ಮಾಡಿದರು. ಪರೀಕ್ಷಿಸಿದ ಸಿಬ್ಬಂದಿಯಲ್ಲಿ ಪಾಸಿಟಿವ್ ಬರುವವರು ಶೇ 21ರಿಂದ ಏಪ್ರಿಲ್ ಕೊನೆಗೆ ಶೇ 11ರ ಸುಮಾರಿಗೆ ಇಳಿದರು. ಕೇಂಬ್ರಿಡ್ಜ್‌ನ ಆ್ಯಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಕೋವಿಡ್ ವಾರ್ಡುಗಳಿಗೆ ಸರ್ಜಿಕಲ್ ಮಾಸ್ಕ್ ಬದಲು ಮುಖಕ್ಕೆ ಬಿಗಿಯಾಗಿ ಕೂರುವ ಎಫ್‌ಎಫ್‌ಪಿ3 ಕೊಟ್ಟ ಮೇಲೆ, ಅಲ್ಲಿನ ಸೋಂಕು ಉಳಿದ ವಾರ್ಡುಗಳ ಮಟ್ಟಕ್ಕೆ ಇಳಿಯಿತು. ಆದರೆ ನಾಲ್ಕು ದೇಶಗಳ ಸಾವಿರ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾದಾಗ, ಸರ್ಜಿಕಲ್ ಮಾಸ್ಕ್ ತೊಟ್ಟವರಲ್ಲಿ ಶೇ 10.46, ಎನ್95 ತೊಟ್ಟವರಲ್ಲಿ ಶೇ 9.27 ಜನರಿಗೆ ಸೋಂಕು ತಗುಲಿತ್ತು. ವ್ಯತ್ಯಾಸ ಅತ್ಯಲ್ಪ. ಆ ಪ್ರಯೋಗದಲ್ಲಿ ಸಿಬ್ಬಂದಿ ರೋಗಿಗಳ ಆರೈಕೆಯ ಹೊತ್ತಿನಲ್ಲಿ ಮಾಸ್ಕ್ ತೊಟ್ಟಿದ್ದರು. ಮನೆಯಲ್ಲಿ, ಊಟದ ಕೋಣೆಯಲ್ಲಿ ತಗುಲುವ ಸೋಂಕನ್ನು ಯಾವ ಮಾಸ್ಕೂ ತಡೆಯಲಾರದು. ಎನ್95ರ ಸಾಮರ್ಥ್ಯ ಅದರ ವಿದ್ಯುದಾವೇಶ ತುಂಬಿದ ಪಾಲಿಪ್ರೊಪಿಲೀನ್ ಎಳೆಗಳಲ್ಲಿ ಎಷ್ಟಿದೆಯೋ ಅಷ್ಟೇ ಅದು ಕೆನ್ನೆಗೆ ಅಂಟಿ ಕೂರುವುದರಲ್ಲೂ ಇದೆ.

ಅದೇ ಐಸಿಎಂಆರ್ ವರದಿ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯ ನಾಲ್ಕು ಅಥವಾ ಹೆಚ್ಚು ಡೋಸ್ ರಕ್ಷಣೆ ಕೊಡುತ್ತದೆಂದು ಹೇಳಿತ್ತು. ನಮ್ಮ ಸಾವಿರಾರು ನರ್ಸ್‌ಗಳು ಅದನ್ನು ನುಂಗಿದರು. ಅಮೆರಿಕ ಮತ್ತು ಕೆನಡಾದ 1483 ಆರೋಗ್ಯ ಕಾರ್ಯಕರ್ತರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಿಜವಾದ ತಿರುವು ಲಸಿಕೆಯಿಂದ ಬಂತು. 2021ರ ಜನವರಿ 16ರಂದು ದೆಹಲಿಯ ಏಮ್ಸ್‌ನಲ್ಲಿ ಮೊದಲ ಚುಚ್ಚುಮದ್ದು ಪಡೆದವರು ಒಬ್ಬ ಸ್ವಚ್ಛತಾ ನೌಕರ. ಆ ಆಯ್ಕೆ ತುಂಬಾ ಸರಿಯಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಏಪ್ರಿಲ್ ಕೊನೆಯೊಳಗೆ 8991 ಸಿಬ್ಬಂದಿ ಲಸಿಕೆ ಪಡೆದರು, ಹೆಚ್ಚಿನವರು ಕೋವಿಶೀಲ್ಡ್. ಎರಡನೇ ಅಲೆ ಅಪ್ಪಳಿಸಿದಾಗ ಎರಡು ಡೋಸ್ ಪಡೆದವರಲ್ಲಿ ಸೋಂಕು ಶೇ 65ರಷ್ಟು ಕಡಿಮೆಯಿತ್ತು, ಆಮ್ಲಜನಕ ಬೇಕಾಗುವುದು ಶೇ 92ರಷ್ಟು, ಐಸಿಯು ಸೇರುವುದು ಶೇ 94ರಷ್ಟು.

ಅಷ್ಟರೊಳಗೆ ಆದ ನಷ್ಟ ತೀರದ್ದು. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರದಷ್ಟು ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಅಂದಾಜು ಇಷ್ಟು ಅಗಲವಾಗಿರುವುದಕ್ಕೆ ಕಾರಣ, ಬಹಳ ದೇಶಗಳು ಈ ಸಾವುಗಳನ್ನು ಸರಿಯಾಗಿ ಲೆಕ್ಕವಿಡಲೇ ಇಲ್ಲ. ವೈದ್ಯರ ಹೆಸರುಗಳನ್ನು ವೈದ್ಯರ ಸಂಘಗಳು ಬರೆದಿಟ್ಟುಕೊಂಡವು. ಹೊರಗುತ್ತಿಗೆಯ ಸ್ವಚ್ಛತಾ ಕೆಲಸದವರಿಗೆ ಅಂಥ ಬಲವಾದ ಸಂಘ ಎಲ್ಲಿದೆ?

ಈಗ ಮಾಡಬಹುದಾದ ಕೆಲಸ ಗಾಳಿಯದ್ದು, ಅದು ಕೋವಿಡ್‌ಗಷ್ಟೇ ಸೀಮಿತವೂ ಅಲ್ಲ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಕ್ಷಯರೋಗ ಹರಡುವ ಬಗೆಯನ್ನು ತಿಳಿಯಲು ಸಂಶೋಧಕರು ಗಾಳಿಯ ಓಡಾಟ ಅಳೆದು 2007ರಲ್ಲಿ ಪ್ರಕಟಿಸಿದರು. ಕಿಟಕಿ, ಬಾಗಿಲು ತೆರೆದಿಟ್ಟಾಗ ಕೋಣೆಯ ಗಾಳಿ ಗಂಟೆಗೆ 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ 12 ಸಲ. 1950ಕ್ಕಿಂತ ಮೊದಲು ಕಟ್ಟಿದ, ಎತ್ತರದ ಚಾವಣಿ, ದೊಡ್ಡ ಕಿಟಕಿಗಳಿದ್ದ ವಾರ್ಡುಗಳು ಎಲ್ಲಕ್ಕಿಂತ ಮುಂದಿದ್ದವು, 40 ಸಲ. ನಮ್ಮ ಹಳೆಯ ಜಿಲ್ಲಾಸ್ಪತ್ರೆಗಳ ಕಟ್ಟಡಗಳಲ್ಲಿ ಅಂಥ ಕಿಟಕಿಗಳು ಇನ್ನೂ ಇವೆ. ಹೊಸದಾಗಿ ಕಟ್ಟುವ ವಾರ್ಡುಗಳಲ್ಲಿ ಕಿಟಕಿ ಮುಚ್ಚಿ ಸ್ಪ್ಲಿಟ್ ಎಸಿ ಹಾಕುತ್ತಿದ್ದೇವೆ. ಅದು ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಮತ್ತೆ ಸುತ್ತಿಸುತ್ತದೆ, ಹೊರಗಿನ ಗಾಳಿಯನ್ನು ತರುವುದಿಲ್ಲ. ಕೆಲವು ಸಾವಿರ ರೂಪಾಯಿಗೆ ಸಿಗುವ ಇಂಗಾಲದ ಡೈಆಕ್ಸೈಡ್ ಮೀಟರ್ ಇದನ್ನು ಬಯಲು ಮಾಡುತ್ತದೆ: ಹೊರಗೆ 420 ಪಿಪಿಎಂ ಸುಮಾರಿಗಿರುವ ಅಂಕಿ ಒಳಗೆ ಸಾವಿರ ದಾಟಿದರೆ, ಅಲ್ಲಿರುವವರು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಆ ಮೀಟರನ್ನು ಮೊದಲು ಇಡಬೇಕಾದ್ದು ನರ್ಸ್‌ಗಳ ಡ್ಯೂಟಿ ರೂಮಿನಲ್ಲಿ, ಆಯಾಗಳು ಬಟ್ಟೆ ಬದಲಿಸುವ ಕಿಟಕಿಯಿಲ್ಲದ ಕೋಣೆಯಲ್ಲಿ.