ಬಡವರ ಮನೆ ಸೇರಿದ ಪವಿತ್ರ ಚಿತ್ರಗಳು

ಪ್ರಾರ್ಥನಾ ಪುಸ್ತಕದ ಪುಟಗಳ ನಡುವೆ ಸಂತರ ಪುಟ್ಟ ಚಿತ್ರವೊಂದನ್ನು ಇಟ್ಟುಕೊಳ್ಳುವುದು ನಮ್ಮ ಕಥೋಲಿಕ ಕುಟುಂಬಗಳ ರೂಢಿ. ಯೂರೋಪಿನಲ್ಲಿ ಮರದ ಅಚ್ಚಿನ ಪವಿತ್ರ ಚಿತ್ರಗಳು 15ನೆಯ ಶತಮಾನದಲ್ಲೇ ಬಂದಿದ್ದವು. ಆದರೆ ಅವು ಮನೆಮನೆಯ ಸೊತ್ತಾದದ್ದು ಬರೋಕ್ ಯುಗದಲ್ಲಿ, ಅಂದರೆ 17 ಮತ್ತು 18ನೆಯ ಶತಮಾನಗಳಲ್ಲಿ.

ಇದಕ್ಕೆ ಹಿನ್ನೆಲೆಯಾದದ್ದು ಟ್ರೆಂಟ್ ಮಹಾಸಭೆ. ಚಿತ್ರಗಳನ್ನು ಗೌರವಿಸುವುದು ಯುಕ್ತವೆಂದು ಅದು 1563ರ ಡಿಸೆಂಬರ್‌ನಲ್ಲಿ ಸಾರಿತು. ಆದರೆ ಚಿತ್ರದಲ್ಲಿಯೇ ದೈವತ್ವವಾಗಲಿ ಶಕ್ತಿಯಾಗಲಿ ಇಲ್ಲ, ಸಲ್ಲಿಸಿದ ಗೌರವ ಅದು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆ ಎಂದೂ ಸ್ಪಷ್ಟಪಡಿಸಿತು. ಮೂಢನಂಬಿಕೆಯನ್ನೂ ಹೀನ ಲಾಭದಾಸೆಯನ್ನೂ ದೂರವಿಡಬೇಕೆಂದು ಎಚ್ಚರಿಸಿತು.

1566ರಲ್ಲಿ ಪ್ರತಿಮಾ ಭಂಜಕರ ದಾಳಿಗೆ ತುತ್ತಾದ ಆಂಟ್ವರ್ಪ್ ನಗರವೇ ಮುಂದೆ ಪವಿತ್ರ ಚಿತ್ರಗಳ ಮುದ್ರಣ ಕೇಂದ್ರವಾಯಿತು. ತಾಮ್ರದ ತಗಡಿನ ಮೇಲೆ ಉಕ್ಕಿನ ಉಳಿಯಿಂದ ಗೆರೆ ಕೊರೆದು, ಆ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಎರಡು ಉರುಳೆಗಳ ನಡುವೆ ಒತ್ತಿ ತೆಗೆಯುತ್ತಿದ್ದರು. ಅಲ್ಲಿನ ವೀರಿಕ್ಸ್ ಸಹೋದರರು ಮೂವರು ಸೇರಿ 2000ಕ್ಕೂ ಹೆಚ್ಚು ಚಿತ್ರಗಳನ್ನು ಕೊರೆದರು. ಯೇಸುಸಭೆಯ ಜೆರೋಮ್ ನಡಾಲರ ಶುಭಸಂದೇಶ ಚಿತ್ರಸಂಪುಟವು 1593ರಲ್ಲಿ 153 ಚಿತ್ರಗಳೊಡನೆ ಪ್ರಕಟವಾಯಿತು. ಚಿತ್ರದ ಭಾಗಗಳಿಗೆ ಅಕ್ಷರಗಳ ಗುರುತು, ಕೆಳಗೆ ಅವುಗಳ ವಿವರಣೆ. ಕಣ್ಣಿನಿಂದ ಧ್ಯಾನ ಕಲಿಸುವ ಪಾಠವದು.

ಇವು ಓದುಬಲ್ಲವರ ಕೈಯಲ್ಲಿದ್ದವು. ಬಡವರ ಬಾಗಿಲಿಗೆ ಅಗ್ಗದ ಚಿತ್ರಗಳನ್ನು ಮುಟ್ಟಿಸಿದವರಲ್ಲಿ ವೆನಿಸ್ ಗಣರಾಜ್ಯದ ಬಸ್ಸಾನೊ ಪಟ್ಟಣದ ರೆಮೊಂಡಿನಿ ಮನೆತನ ಪ್ರಮುಖವಾದುದು. 17ನೆಯ ಶತಮಾನದ ಮಧ್ಯದಲ್ಲಿ ಆರಂಭವಾದ ಆ ಮುದ್ರಣಾಲಯ ಮುಂದಿನ ಶತಮಾನದಲ್ಲಿ ಯೂರೋಪಿನ ಅತಿ ದೊಡ್ಡ ಮುದ್ರಣಾಲಯಗಳಲ್ಲೊಂದಾಗಿ ಬೆಳೆಯಿತು. ಅದರ ಮಾರಾಟಗಾರರು ಟ್ರೆಂಟ್ ಸೀಮೆಯ ಟೆಸಿನೊ ಕಣಿವೆಯ ಬಡ ರೈತರು. ಸಾಲವಾಗಿ ಚಿತ್ರಗಳನ್ನು ಪಡೆದು, ಪೆಟ್ಟಿಗೆಯನ್ನು ಹೆಗಲಿಗೇರಿಸಿ ಸ್ಪೇನ್‌ನಿಂದ ರಷ್ಯಾದವರೆಗೆ ಕಾಲ್ನಡಿಗೆಯಲ್ಲಿ ಅಲೆದರು. ಅವರ ಮಟ್ಟಿಗೆ ಮಾತೆ ಮರಿಯಮ್ಮನವರ ಚಿತ್ರವು ಭಕ್ತಿಯ ವಸ್ತುವಷ್ಟೇ ಅಲ್ಲ, ಮಕ್ಕಳ ಅನ್ನವೂ ಆಗಿತ್ತು. ಈ ದುಡಿಮೆಯನ್ನು ಹೀನ ಲಾಭದಾಸೆ ಎನ್ನಲಾಗದು.

ಕೊಂಡವರು ಚಿತ್ರವನ್ನು ಗೋಡೆಗೆ, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ, ದನದ ಕೊಟ್ಟಿಗೆಗೂ ಅಂಟಿಸಿದರು. ಆಲ್ಪ್ಸ್ ಸೀಮೆಯಲ್ಲಿ ಅಂಚೆಚೀಟಿಯಷ್ಟು ಚಿಕ್ಕ ಚಿತ್ರಗಳನ್ನು ರೋಗಿಗಳಿಗೆ ಔಷಧಿಯಂತೆ ನುಂಗಿಸುವ ಪದ್ಧತಿಯೂ ಇತ್ತು. ಟ್ರೆಂಟ್ ಸಭೆಯ ಎಚ್ಚರಿಕೆ ಇಲ್ಲಿ ನೆನಪಾಗದಿರದು. ಸಂಕೇತವನ್ನೇ ಸಂಕೇತಿತವೆಂದು ಬಗೆದಾಗ ಭಕ್ತಿ ದಾರಿ ತಪ್ಪುತ್ತದೆ. ಆದರೂ ವೈದ್ಯರಿಲ್ಲದ ಹಳ್ಳಿಯಲ್ಲಿ, ಜ್ವರದಿಂದ ನರಳುವ ಮಗುವಿನ ಬಳಿ ಕುಳಿತ ತಾಯಿಯನ್ನು ಹಗುರವಾಗಿ ಹಳಿಯುವುದು ನ್ಯಾಯವಲ್ಲ. ಆಕೆ ಅರಸಿದ್ದು ಕಾಗದವನ್ನಲ್ಲ, ಸಹಾಯವನ್ನು.

ಲಕ್ಷಗಟ್ಟಲೆ ಅಚ್ಚಾದ ಆ ಚಿತ್ರಗಳಲ್ಲಿ ಇಂದು ಉಳಿದಿರುವುದು ಅತ್ಯಲ್ಪ. ಅವು ಮುಟ್ಟಿ, ಮುದ್ದಿಟ್ಟು, ಹೊಗೆ ಹಿಡಿದು ಸವೆದುಹೋದವು. ಶ್ರೀಮಂತರ ಚಿತ್ರಪಟಗಳು ಜೋಪಾನವಾಗಿ ಉಳಿದವು. ಬಡವರ ಚಿತ್ರಗಳು ಪ್ರಾರ್ಥನೆಯಲ್ಲಿ ಮುಗಿದವು. ನಮ್ಮ ಮನೆಯ ಚಿತ್ರಗಳ ಬೆಲೆಯನ್ನೂ ಚೌಕಟ್ಟಿನ ಅಂದದಿಂದಲ್ಲ, ಅವುಗಳ ಮುಂದೆ ಕುಟುಂಬವು ಒಂದಾಗಿ ಮಂಡಿಯೂರುವ ಗಳಿಗೆಗಳಿಂದ ಅಳೆಯೋಣ.